ಇತಿಹಾಸ ಕೋರ್ಸಿನ ಷರತ್ತುಗಳು ಮತ್ತು ಹಾಜರಾತಿ: ಮೊದಲ ದಿನದಿಂದ ಪರೀಕ್ಷೆಯವರೆಗೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇತಿಹಾಸ ವಿಭಾಗದ ಬಾಗಿಲಲ್ಲಿ ನಾಲ್ಕೈದು ಮಂದಿ ನಿಂತಿರುತ್ತಾರೆ. ಕೈಯಲ್ಲಿ ಅರ್ಜಿ, ಮುಖದಲ್ಲಿ ಗಾಬರಿ. ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಹೆಸರು ಬಂದಿದೆ, ಪರೀಕ್ಷೆಗೆ ಕೂರಿಸುವುದಿಲ್ಲವಂತೆ, ಏನಾದರೂ ಮಾಡಿ ಸರ್. ಮೊದಲ ಮಹಾಯುದ್ಧದ ನಂತರ ಜರ್ಮನಿಯೊಂದಿಗೆ ಆದ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದ ದಿನ ಯಾವುದೆಂದು ಕೇಳಿದರೆ ಇವರು 28 ಜೂನ್ 1919 ಎಂದು ಥಟ್ಟನೆ ಹೇಳುತ್ತಾರೆ. ತಮ್ಮದೇ ಕೋರ್ಸಿನ ನಿಯಮಗಳಿರುವ ಎರಡು ಪುಟವನ್ನು ಮಾತ್ರ ಓದಿರುವುದಿಲ್ಲ. ಹಾಜರಿ ಪುಸ್ತಕ ಹಿಡಿದು ವರ್ಷಗಟ್ಟಲೆ ಪಾಠ ಮಾಡಿದ ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ದಾಖಲೆಯನ್ನು ಅನುಮಾನದಿಂದ, ತಾಳ್ಮೆಯಿಂದ ಓದುವ ವಿದ್ಯೆಯನ್ನೇ ಇತಿಹಾಸದ ಕೋರ್ಸ್ ಕಲಿಸುತ್ತದೆ. ಆ ವಿದ್ಯೆಯನ್ನು ಮೊದಲು ಕೋರ್ಸಿನ ನಿಯಮಪತ್ರದ ಮೇಲೆಯೇ ಪ್ರಯೋಗಿಸಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಹೇಗೆ ಎಂಬುದನ್ನು ಹಂತಹಂತವಾಗಿ ಬರೆದಿದ್ದೇನೆ.

ಹಂತ 1: ನಿಯಮಪತ್ರವನ್ನು ಆಕರದಂತೆ ಓದಿ

ಮೊದಲ ವಾರ ನಿಮಗೊಂದು ಕಾಗದ ಸಿಗುತ್ತದೆ. ಒಂದು ಕಡೆ ಅದನ್ನು ಪಠ್ಯಕ್ರಮ ಎನ್ನುತ್ತಾರೆ, ಇನ್ನೊಂದು ಕಡೆ ಸಿಲಬಸ್, ಮತ್ತೊಂದು ಕಡೆ ಕೋರ್ಸ್ ಯೋಜನೆ. ಹೆಸರೇನೇ ಇರಲಿ, ಶಾಸನವನ್ನೋ ಹಳೆಯ ಪತ್ರವನ್ನೋ ಎದುರಿಗಿಟ್ಟುಕೊಂಡಾಗ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಿ. ಬರೆದವರು ಯಾರು? ಯಾವಾಗ? ಯಾರಿಗಾಗಿ? ಏನನ್ನು ಹೇಳದೆ ಬಿಟ್ಟಿದ್ದಾರೆ?

ಬರೆದವರು ಸಾಮಾನ್ಯವಾಗಿ ಒಬ್ಬರಲ್ಲ. ಹಾಜರಾತಿಯ ಕನಿಷ್ಠ ಮಿತಿ ವಿಶ್ವವಿದ್ಯಾಲಯದ ನಿಯಮಾವಳಿಯಿಂದ ಬಂದಿರುತ್ತದೆ, ಪ್ರಬಂಧಗಳ ಸಂಖ್ಯೆ ವಿಭಾಗದಿಂದ, ತಡವಾಗಿ ಬಂದರೆ ಏನು ಎಂಬುದು ಅಧ್ಯಾಪಕರಿಂದ. ಮೂರೂ ಒಂದೇ ಪುಟದಲ್ಲಿ ಬೆರೆತಿರುವುದರಿಂದ ಎಲ್ಲವೂ ಒಂದೇ ತೂಕದ್ದೆಂದು ಅನಿಸುತ್ತದೆ. ರಿಯಾಯಿತಿ ಕೇಳಬೇಕಾದಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಅಧ್ಯಾಪಕರು ತಾವೇ ಹಾಕಿದ ಷರತ್ತನ್ನು ಸಡಿಲಿಸಬಹುದು, ವಿಶ್ವವಿದ್ಯಾಲಯ ಹಾಕಿದ್ದನ್ನು ಸಡಿಲಿಸಲು ಅವರಿಗೆ ಅಧಿಕಾರವಿರುವುದಿಲ್ಲ. ಇಲ್ಲದ ಅಧಿಕಾರವನ್ನು ಬಳಸಿ ಎಂದು ಅವರ ಕೊಠಡಿಯಲ್ಲಿ ಗಂಟೆಗಟ್ಟಲೆ ಗೋಗರೆಯುವವರನ್ನು ನೋಡಿದ್ದೇನೆ.

ಯಾವಾಗ ಬರೆದದ್ದು ಎಂಬ ಪ್ರಶ್ನೆಯನ್ನೂ ಹಗುರವಾಗಿ ಕಾಣಬೇಡಿ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ಪಶ್ಚಿಮದ ಅಧಿಕಾರವನ್ನು ಪೋಪ್‌ಗೆ ಬರೆದುಕೊಟ್ಟನೆಂಬ ದಾನಪತ್ರವೊಂದು ಯುರೋಪಿನಲ್ಲಿ ಬಹುಕಾಲ ಚಲಾವಣೆಯಲ್ಲಿತ್ತು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಾಲಾ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು ಜಗ್ಗಾಡಿ ಅದು ನಕಲಿ ಎಂದು ತೋರಿಸಿದ. ಅವನ ಕಣ್ಣಿಗೆ ಬಿದ್ದ ಪದಗಳಲ್ಲಿ ‘ಸತ್ರಪ’ ಒಂದು, ಅಂದರೆ ಪ್ರಾಚೀನ ಪರ್ಷಿಯಾದ ಪ್ರಾಂತಾಧಿಕಾರಿ. ಕಾನ್‌ಸ್ಟಂಟೈನನ ರೋಮಿನಲ್ಲಿ ಸತ್ರಪರಿಗೇನು ಕೆಲಸ? ನಿಮ್ಮ ನಿಯಮಪತ್ರ ನಕಲಿಯಾಗಿರಲಾರದು, ಆದರೆ ‘ಪ್ರಬಂಧವನ್ನು ಸಿ.ಡಿ.ಯಲ್ಲಿ ಸಲ್ಲಿಸತಕ್ಕದ್ದು’ ಎಂಬ ಸಾಲು ಕಂಡರೆ ಅದೂ ಒಂದು ಸತ್ರಪವೇ. ಹಳೆಯ ಪ್ರತಿಗೆ ಹೊಸ ವರ್ಷದ ತಲೆಬರಹ ಹಾಕಿದ್ದಾರೆ ಎಂದರ್ಥ. ಅದರಲ್ಲಿರುವ ದಿನಾಂಕಗಳನ್ನು ಈ ವರ್ಷದ ಶೈಕ್ಷಣಿಕ ವೇಳಾಪಟ್ಟಿಯೊಂದಿಗೆ ತಾಳೆ ನೋಡದೆ ನಂಬಬೇಡಿ.

ಆಮೇಲೆ ಕ್ರಿಯಾಪದಗಳು. ‘ಹಾಜರಿರತಕ್ಕದ್ದು’ ಬೇರೆ, ‘ಹಾಜರಿರುವುದು ಅಪೇಕ್ಷಣೀಯ’ ಬೇರೆ, ‘ವಿವೇಚನೆಗೆ ಒಳಪಟ್ಟು ಪರಿಗಣಿಸಬಹುದು’ ಎಂಬುದು ಬೇರೆಯೇ. ಕೊನೆಯದರಲ್ಲಿ ‘ಬಹುದು’ ಇದೆ, ಅಂದರೆ ‘ಇಲ್ಲ’ ಎನ್ನುವ ಹಕ್ಕೂ ಅದರೊಳಗೇ ಇದೆ. ಪತ್ರ ಮೌನವಾಗಿರುವ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ: ತಡವಾಗಿ ಬಂದವರಿಗೆ ಹಾಜರಿ ಉಂಟೇ? ಆಂತರಿಕ ಪರೀಕ್ಷೆ ತಪ್ಪಿದರೆ ಮರುಪರೀಕ್ಷೆ ಇದೆಯೇ? ಇಂಥವನ್ನು ಮೊದಲ ವಾರವೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಕಾರಿಡಾರಿನಲ್ಲಿ ಸಿಕ್ಕ ಮಾತು ಆರು ತಿಂಗಳ ಮೇಲೆ ಇಬ್ಬರಿಗೂ ಎರಡು ಬಗೆಯಾಗಿ ನೆನಪಿರುತ್ತದೆ.

ಹಂತ 2: ಎಷ್ಟು ಗಂಟೆಯ ಕೆಲಸ ಎಂದು ಅಳೆಯಿರಿ

ವಾರಕ್ಕೆ ಮೂರು ತರಗತಿ ಎಂದರೆ ಮೂರು ಗಂಟೆಯ ಕೆಲಸ ಎಂದುಕೊಂಡವರು ನಾಲ್ಕನೇ ವಾರಕ್ಕೇ ಹಿಂದೆ ಬೀಳುತ್ತಾರೆ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಬರವಣಿಗೆ ಎಲ್ಲ ಸೇರಿ 25ರಿಂದ 30 ಗಂಟೆ. ಅಮೆರಿಕದಲ್ಲಿ ತರಗತಿಯ ಒಂದು ಗಂಟೆಗೆ ಹೊರಗಿನ ಓದು ಕನಿಷ್ಠ ಎರಡು ಗಂಟೆ ಎಂಬುದು ರೂಢಿಯ ಲೆಕ್ಕ. ಅದರಂತೆ ವಾರಕ್ಕೆ ಮೂರು ತರಗತಿ ಎಂದರೆ ಒಟ್ಟು ಒಂಬತ್ತು ಗಂಟೆ. ಇತಿಹಾಸದಲ್ಲಿ ಈ ಹೊರಗಿನ ಗಂಟೆಗಳು ಬಹುಪಾಲು ಓದಿಗೇ ಹೋಗುತ್ತವೆ. ಪುಟಗಳ ಸಂಖ್ಯೆ ನೋಡಿ ಹೆದರುವ ಅಗತ್ಯವಿಲ್ಲ, ಓದಿಗೆ ನಿಗದಿಯಾದ ವೇಳೆ ಇಲ್ಲದಿದ್ದರೆ ಹೆದರಬೇಕು. ಮುಂಚಿತವಾಗಿ ಓದಿರಬೇಕಾದ ಕೋರ್ಸ್ ಅಥವಾ ಭಾಷೆಯ ಅರ್ಹತೆ ಕೇಳಿದ್ದರೆ ಅದನ್ನೂ ಈಗಲೇ ಪರಿಶೀಲಿಸಿ.

ಹಂತ 3: ಹಾಜರಾತಿಯ ಲೆಕ್ಕವನ್ನು ನೀವೇ ಹಾಕಿ

ಹಾಜರಾತಿ ನಿಯಮಗಳು ಸುಮಾರಾಗಿ ಮೂರು ಬಗೆ. ಶೇಕಡಾವಾರು ಮಿತಿ ಒಂದು. ಶೇ. 75 ಎಂಬುದು ತುಂಬ ಕಡೆ ಇರುವ ಅಂಕಿ. ಇಂತಿಷ್ಟು ಗೈರಿನ ಮೇಲೆ ಪ್ರತಿ ಗೈರಿಗೂ ಗ್ರೇಡ್ ಇಳಿಸುವ ಪದ್ಧತಿ ಇನ್ನೊಂದು. ಮೂರನೆಯದರಲ್ಲಿ ಹಾಜರಿ ಕರೆಯುವುದೇ ಇಲ್ಲ, ಚರ್ಚೆಯಲ್ಲಿ ಭಾಗವಹಿಸಿದ್ದಕ್ಕೆ ಅಂಕ ಇರುತ್ತದೆ. ಬಾರದವನು ಭಾಗವಹಿಸುವುದಾದರೂ ಹೇಗೆ? ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಈ ಮೂರನೆಯದೇ ಅತ್ಯಂತ ಕಠಿಣವೆಂದು ನನ್ನ ಅಭಿಪ್ರಾಯ.

ಹೆಚ್ಚು ಜನ ಎಡವುವುದು ಶೇಕಡಾವಾರಿನಲ್ಲಿ. ಒಂದು ಉದಾಹರಣೆ ಹಿಡಿದು ನೋಡೋಣ. ವಾರಕ್ಕೆ ಮೂರರಂತೆ 16 ವಾರ, ಒಟ್ಟು 48 ತರಗತಿ. ಶೇ. 75 ಎಂದರೆ 36. ಹಾಗಾದರೆ 12 ತಪ್ಪಿಸಬಹುದು ಎಂದು ಮೊದಲ ದಿನವೇ ಖುಷಿಪಡುವವರಿದ್ದಾರೆ. ಈ ಹನ್ನೆರಡನ್ನು ರಜೆಯ ಖಾತೆಯೆಂದು ತಿಳಿದದ್ದೇ ತಪ್ಪು. ಜ್ವರ, ಬಸ್ ಮುಷ್ಕರ, ಮನೆಯ ಸಾವುನೋವು ಎಲ್ಲವೂ ಈ ಹನ್ನೆರಡರಿಂದಲೇ ಕಳೆಯುತ್ತವೆ.

ಈಗ 20 ತರಗತಿ ಮುಗಿದಿವೆ, ನೀವು ಬಂದದ್ದು 12 ಎಂದುಕೊಳ್ಳಿ. ನಿಮ್ಮ ಹಾಜರಾತಿ ಶೇ. 60. ಇನ್ನೆಷ್ಟು ತರಗತಿಗೆ ಸತತವಾಗಿ ಬಂದರೆ 75 ಮುಟ್ಟುತ್ತೀರಿ? ಸಣ್ಣದೊಂದು ಸೂತ್ರವಿದೆ. ನಡೆದ ತರಗತಿಗಳನ್ನು ಮೂರರಿಂದ ಗುಣಿಸಿ: 60. ನೀವು ಬಂದ ತರಗತಿಗಳನ್ನು ನಾಲ್ಕರಿಂದ ಗುಣಿಸಿ: 48. ಕಳೆದರೆ 12. ಒಂದೂ ಬಿಡದೆ ಇನ್ನೂ 12 ತರಗತಿಗೆ ಬಂದರೆ 32ಕ್ಕೆ 24, ಸರಿಯಾಗಿ ಶೇ. 75. ಇದರ ಹಿಂದಿನ ಗುಟ್ಟು ಇಷ್ಟೇ: ಒಂದು ಗೈರನ್ನು ಸರಿದೂಗಿಸಲು ಮೂರು ಹಾಜರಿ ಬೇಕು. ‘ನಾಳೆಯಿಂದ ಬರುತ್ತೇನೆ’ ಎನ್ನುವವರ ಸಾಲ ಮೂರರಷ್ಟು ಬಡ್ಡಿಯಲ್ಲಿ ಬೆಳೆಯುತ್ತಿರುತ್ತದೆ.

ಸೆಮಿಸ್ಟರ್ ಕೊನೆಯ ದೃಷ್ಟಿಯಿಂದ ನೋಡಿದರೆ ಉಳಿದ 28ರಲ್ಲಿ 24ಕ್ಕೆ ಬರಬೇಕು, ನಾಲ್ಕು ಮಾತ್ರ ತಪ್ಪಿಸಬಹುದು. ಇದು ಕಷ್ಟ, ಆದರೆ ಸಾಧ್ಯ. ಇದೇ ಲೆಕ್ಕವನ್ನು 36ನೇ ತರಗತಿಯಾದ ಮೇಲೆ ಹಾಕುವವರ ಗತಿ ನೋಡಿ. ಬಂದದ್ದು 22, ಉಳಿದದ್ದು 12. ಎಲ್ಲಕ್ಕೂ ಬಂದರೂ 34, ಶೇ. 71ನ್ನೂ ಮುಟ್ಟುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆದ್ದರಿಂದ ತಿಂಗಳಿಗೊಮ್ಮೆ, ತಪ್ಪದೆ, ಈ ಗುಣಾಕಾರ ಮಾಡಿ.

ಲೆಕ್ಕ ಹಾಕುವ ಮುನ್ನ ಭಾಗಾಕಾರದ ಕೆಳಗಿನ ಅಂಕಿ ಯಾವುದೆಂದು ಖಚಿತಪಡಿಸಿಕೊಳ್ಳಿ. ವೇಳಾಪಟ್ಟಿಯಲ್ಲಿದ್ದ ತರಗತಿಗಳೋ, ನಿಜವಾಗಿ ನಡೆದವೋ? ಅಧ್ಯಾಪಕರ ರಜೆಯಿಂದ 48 ಇದ್ದದ್ದು 40ಕ್ಕೆ ಇಳಿದರೆ ನಿಮಗಿದ್ದ 12ರ ಅವಕಾಶವೂ ಸದ್ದಿಲ್ಲದೆ 10ಕ್ಕೆ ಇಳಿಯುತ್ತದೆ. ಪ್ರತಿ ವಿಷಯಕ್ಕೂ ಬೇರೆ ಬೇರೆ ಶೇಕಡಾವೋ, ಎಲ್ಲ ವಿಷಯ ಸೇರಿಸಿಯೋ? ಎರಡು ಗಂಟೆಯ ಜೋಡಿ ತರಗತಿ ತಪ್ಪಿದರೆ ಒಂದು ಗೈರೋ, ಎರಡೋ? 74.6ನ್ನು 75 ಎಂದು ಪರಿಗಣಿಸುತ್ತಾರೆಯೇ? ತಡವಾಗಿ ಪ್ರವೇಶ ಪಡೆದವರಿಗೆ ಎಣಿಕೆ ಯಾವ ದಿನದಿಂದ? ಆನ್‌ಲೈನ್ ತರಗತಿಯಾದರೆ ಲಾಗಿನ್ ಆದದ್ದೇ ಹಾಜರಿಯೋ, ಕೊನೆಯವರೆಗೆ ಇರಬೇಕೋ? ಧ್ವನಿಮುದ್ರಿತ ಪಾಠವನ್ನು ಆಮೇಲೆ ಕೇಳಿದರೆ ಹಾಜರಿ ಕೊಡುತ್ತಾರೆಂದು ನೀವಾಗಿಯೇ ಭಾವಿಸಬೇಡಿ.

ಹಂತ 4: ಗೈರಾಗಲೇಬೇಕಾದಾಗ

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ‘ಅನುಮತಿ ಪಡೆದ ಗೈರು’ ಎಂದರೆ ‘ಹಾಜರಿ’ ಎಂದಲ್ಲ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟ ಕೂಡಲೇ ಆ ದಿನಗಳು ಹಾಜರಿಯಾಗಿ ಬದಲಾಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅನೇಕ ಕಡೆ ಆಗುವುದೇ ಬೇರೆ. ಗೈರು ಗೈರಾಗಿಯೇ ಉಳಿಯುತ್ತದೆ, ಒಟ್ಟು ಕೊರತೆ ಒಂದು ಮಿತಿಯೊಳಗಿದ್ದರೆ ಮಾತ್ರ ಮನ್ನಾ ಮಾಡುತ್ತಾರೆ. ಕಾಲೇಜಿನ ಪರವಾಗಿ ಕ್ರೀಡೆಗೋ ಸ್ಪರ್ಧೆಗೋ ಹೋದ ದಿನಗಳನ್ನು ಹಾಜರಿಯಾಗಿಯೇ ಎಣಿಸುವ ನಿಯಮ ಇರಬಹುದು, ಅದಕ್ಕೆ ಹೋಗುವ ಮುನ್ನವೇ ಪತ್ರ ಬೇಕಾಗುತ್ತದೆ. ನಿಮ್ಮ ಗೈರು ಯಾವ ಗುಂಪಿಗೆ ಸೇರುತ್ತದೆಂದು ನಿಯಮಾವಳಿಯಲ್ಲೇ ನೋಡಿ.

ಗೊತ್ತಿದ್ದ ಗೈರಿಗೆ ಮೊದಲೇ ಬರೆಯಿರಿ, ಗೊತ್ತಿಲ್ಲದ ಗೈರಿಗೆ ಎದ್ದು ಕೂರಲು ಸಾಧ್ಯವಾದ ದಿನವೇ ಬರೆಯಿರಿ. ಪತ್ರ ಚಿಕ್ಕದಿರಲಿ:

*ಮಾನ್ಯರೇ, ನಾನು ಮೂರನೇ ಸೆಮಿಸ್ಟರಿನ ಆಧುನಿಕ ಯುರೋಪ್ ಇತಿಹಾಸ ಕೋರ್ಸಿನ ವಿದ್ಯಾರ್ಥಿ, ಕ್ರಮಸಂಖ್ಯೆ ಇಂಥದ್ದು. ಜ್ವರದ ಕಾರಣ ಇದೇ ತಿಂಗಳ 9 ಮತ್ತು 11ರಂದು ನಡೆದ ತರಗತಿಗಳಿಗೆ ಬರಲಾಗಲಿಲ್ಲ. ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. 11ರಂದು ಸಲ್ಲಿಸಬೇಕಿದ್ದ ಆಕರ ಟಿಪ್ಪಣಿಯನ್ನು 15ರಂದು ಸಲ್ಲಿಸಲು ಅನುಮತಿ ಕೋರುತ್ತೇನೆ. ತಪ್ಪಿದ ಪಾಠದ ಟಿಪ್ಪಣಿಗಳನ್ನು ಸಹಪಾಠಿಯಿಂದ ಪಡೆದು ಓದುತ್ತಿದ್ದೇನೆ. ತಮ್ಮ ವಿಶ್ವಾಸಿ.*

ದಿನಾಂಕ, ಕಾರಣ, ದಾಖಲೆ, ಕೋರಿಕೆ. ಇಷ್ಟು ಸಾಕು. ಅನಾರೋಗ್ಯದ ಪೂರ್ವೋತ್ತರ ಯಾರಿಗೂ ಬೇಕಿಲ್ಲ. ಕೋರಿಕೆಗೆ ನೀವೇ ಒಂದು ದಿನಾಂಕ ಸೂಚಿಸುವುದು ಒಳ್ಳೆಯದು, ಓದುವವರು ‘ಆಗಲಿ’ ಎಂದು ಬರೆದು ಮುಗಿಸಬಹುದು. ಮರಳಿ ಬಂದ ದಿನ ‘ನಾನು ಇಲ್ಲದಿದ್ದಾಗ ಮುಖ್ಯವಾದದ್ದೇನಾದರೂ ನಡೆಯಿತೇ ಸರ್?’ ಎಂದು ಮಾತ್ರ ಕೇಳಬೇಡಿ. ಐವತ್ತು ನಿಮಿಷ ಗಂಟಲು ಹರಿದುಕೊಂಡವರಿಗೆ ಆ ಪ್ರಶ್ನೆ ಹೇಗೆ ಕೇಳಿಸುತ್ತದೆಂದು ಊಹಿಸಿ.

ಬೇರೆಯವರ ಹೆಸರಿಗೆ ‘ಪ್ರೆಸೆಂಟ್’ ಹೇಳುವುದು, ಹೇಳಿಸಿಕೊಳ್ಳುವುದು ಎರಡೂ ಶಿಸ್ತುಕ್ರಮದ ವ್ಯಾಪ್ತಿಗೆ ಬರುತ್ತವೆ. ಕೊರತೆಯನ್ನು ಮನ್ನಾ ಮಾಡುವ ದಾರಿಗಳಿವೆ, ವಂಚನೆಗೆ ಅಂಥ ದಾರಿಗಳು ತೀರ ಕಡಿಮೆ.

ಹಂತ 5: ಬಂದು ಕೂತಾಗ ಏನು ಮಾಡಬೇಕು

ಪುಸ್ತಕದಲ್ಲಿ ಎಲ್ಲ ಇರುವಾಗ ತರಗತಿಗೆ ಏಕೆ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಪುಸ್ತಕವನ್ನೇ ಓದಿ ಹೇಳುವ ತರಗತಿಯಾದರೆ ನನ್ನಲ್ಲೂ ಉತ್ತರವಿಲ್ಲ. ಆದರೆ 19ನೇ ಶತಮಾನದಲ್ಲಿ ಬರ್ಲಿನ್‌ನಲ್ಲಿ ಇತಿಹಾಸಕಾರ ಲಿಯೊಪೋಲ್ಡ್ ಫಾನ್ ರಾಂಕೆ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಮೂಲ ದಾಖಲೆಗಳನ್ನು ಒರೆಗೆ ಹಚ್ಚುವ ಸೆಮಿನಾರ್ ನಡೆಸಿದಾಗಿನಿಂದ ಇತಿಹಾಸ ಕಲಿಕೆಯ ತಿರುಳು ಆ ಸುತ್ತಿನಲ್ಲೇ ಇದೆ.

ಒಂದು ದಿನದ ತರಗತಿ ಹೇಗಿರುತ್ತದೆಂದು ಹತ್ತಿರದಿಂದ ನೋಡಿ. ಮೇಜಿನ ಮೇಲೆ ವರ್ಸೇಲ್ಸ್ ಒಪ್ಪಂದದ 440 ವಿಧಿಗಳಲ್ಲಿ ಒಂದೇ ಒಂದು, 231ನೆಯದು. ‘ಯುದ್ಧ ನಡೆದದ್ದರ ಅಪರಾಧವನ್ನು ಜರ್ಮನಿಯ ಮೇಲೆ ಹೊರಿಸಿದ ವಿಧಿ’ ಎಂದು ಎಲ್ಲರೂ ಓದಿಕೊಂಡು ಬಂದಿರುತ್ತಾರೆ. ಆ ‘ಅಪರಾಧ’ ಎಂಬ ಪದವನ್ನು ಪಠ್ಯದಲ್ಲಿ ತೋರಿಸಿ ಎಂದರೆ ಐದು ನಿಮಿಷ ಮೌನ. ಏಕೆಂದರೆ ಅದು ಅಲ್ಲಿಲ್ಲ. ಅಲ್ಲಿರುವುದು ನಷ್ಟ ಮತ್ತು ಹಾನಿಗೆ ‘ಹೊಣೆ’ ಎಂಬ ಮಾತು. ಮುಂದಿನ 232ನೇ ವಿಧಿ, ಎಲ್ಲ ನಷ್ಟವನ್ನೂ ತುಂಬಿಕೊಡುವಷ್ಟು ಸಂಪನ್ಮೂಲ ಜರ್ಮನಿಯಲ್ಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಆಸ್ಟ್ರಿಯದ ಜೊತೆಗಿನ ಒಪ್ಪಂದದಲ್ಲೂ ಹಂಗೆರಿಯ ಜೊತೆಗಿನ ಒಪ್ಪಂದದಲ್ಲೂ ದೇಶದ ಹೆಸರು ಬದಲಿಸಿದ ಹೆಚ್ಚುಕಡಿಮೆ ಅದೇ ವಾಕ್ಯವಿದೆ. ಹಾಗಾದರೆ ಜರ್ಮನರಿಗೆ ಮಾತ್ರ ಅದು ಅಷ್ಟು ಕಹಿಯಾಗಿ ಕೇಳಿಸಿದ್ದೇಕೆ? ಇಲ್ಲಿಂದ ಚರ್ಚೆ ಹೊರಡುತ್ತದೆ. ಈ ಐವತ್ತು ನಿಮಿಷವನ್ನು ಸಹಪಾಠಿಯ ಟಿಪ್ಪಣಿಯಿಂದ ಪಡೆಯಲಾಗದು. ಅದರಲ್ಲಿ ‘ವಿಧಿ 231, ಹೊಣೆ, ಅಪರಾಧವಲ್ಲ’ ಎಂದಷ್ಟೇ ಇರುತ್ತದೆ.

ತಯಾರಿಗೆ ಅರ್ಧ ಪುಟ ಸಾಕು. ದಾಖಲೆಯ ವಾದ ಒಂದು ವಾಕ್ಯದಲ್ಲಿ, ಅರ್ಥವಾಗದ ಒಂದು ಪದ, ಒಪ್ಪಲಾಗದ ಒಂದು ಸಾಲು. ಕೊನೆಯದು ನಿಮ್ಮಲ್ಲಿದ್ದರೆ ಚರ್ಚೆಯ ಅಂಕ ನಿಮ್ಮ ಜೇಬಿನಲ್ಲೇ ಇದೆ.

ಹಂತ 6: ಬರವಣಿಗೆಯ ಷರತ್ತುಗಳು

ಪ್ರಬಂಧದ ಷರತ್ತಿನಲ್ಲಿ ‘ಕನಿಷ್ಠ ಎರಡು ಪ್ರಾಥಮಿಕ ಆಕರ, ಮೂರು ದ್ವಿತೀಯಕ ಆಕರ’ ಎಂಬ ಸಾಲು ಇದ್ದೇ ಇರುತ್ತದೆ. ಆ ಕಾಲದ್ದು ಪ್ರಾಥಮಿಕ, ಆಮೇಲಿನದು ದ್ವಿತೀಯಕ ಎಂದು ಉರುಹೊಡೆದವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಬ್ರಿಟಿಷ್ ಖಜಾನೆಯ ಪ್ರತಿನಿಧಿಯಾಗಿದ್ದವರು. 1919ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು, ವರ್ಷಾಂತ್ಯದೊಳಗೆ ಒಪ್ಪಂದವನ್ನು ಖಂಡಿಸುವ ಪುಸ್ತಕ ಪ್ರಕಟಿಸಿದರು. ಅದು ಯಾವ ಬಗೆಯ ಆಕರ? ಜರ್ಮನಿ ಎಷ್ಟು ಪರಿಹಾರ ಕೊಡಬಲ್ಲದಾಗಿತ್ತು ಎಂಬ ಪ್ರಶ್ನೆಗೆ ಅದೊಂದು ವಿಶ್ಲೇಷಣೆ, ದ್ವಿತೀಯಕ. ಒಪ್ಪಂದದ ಬಗ್ಗೆ 1919ರಲ್ಲಿ ಬ್ರಿಟನ್ನಿನಲ್ಲಿ ಎಂಥ ಅತೃಪ್ತಿಯಿತ್ತು ಎಂಬ ಪ್ರಶ್ನೆಗೆ ಅದೇ ಪುಸ್ತಕ ಪ್ರಾಥಮಿಕ. ಆಕರದ ಜಾತಿಯನ್ನು ನಿಮ್ಮ ಪ್ರಶ್ನೆ ನಿರ್ಧರಿಸುತ್ತದೆ. ಪ್ರಬಂಧದ ಮೊದಲ ಪುಟದಲ್ಲೇ ಇದನ್ನು ಸ್ಪಷ್ಟಪಡಿಸಿದವರಿಗೆ ನಾನು ಕಣ್ಣುಮುಚ್ಚಿ ಒಂದು ಅಂಕ ಹೆಚ್ಚು ಕೊಟ್ಟದ್ದುಂಟು.

ಅಡಿಟಿಪ್ಪಣಿಯ ಶೈಲಿ ಯಾವುದೆಂದು ಹೇಳಿದ್ದರೆ ಅದನ್ನೇ ಅನುಸರಿಸಿ. ಹೇಳಿಲ್ಲದಿದ್ದರೆ ಕೇಳಿ. ಓದುವಾಗಲೇ ಪುಟಸಂಖ್ಯೆ ಬರೆದುಕೊಳ್ಳುವ ಅಭ್ಯಾಸವೊಂದಿದ್ದರೆ ಕೊನೆಯ ರಾತ್ರಿಯ ಪರದಾಟ ತಪ್ಪುತ್ತದೆ. ಬೇರೆಯವರ ವಾಕ್ಯವನ್ನು ಎರಡು ಪದ ಬದಲಿಸಿ ಅಡಿಟಿಪ್ಪಣಿಯಿಲ್ಲದೆ ಸೇರಿಸಿದರೂ ಅದು ಕೃತಿಚೌರ್ಯವೇ. ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆ ಒಂದೊಂದು ಕೋರ್ಸಿನಲ್ಲಿ ಒಂದೊಂದು ನಿಯಮವಿದೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರೂ ಬಿಡುತ್ತಾರೆಂದು ತಿಳಿಯಬೇಡಿ. ಆ ಸಾಧನಗಳು ಇಲ್ಲದ ಪುಸ್ತಕಕ್ಕೆ ಇಲ್ಲದ ಪುಟಸಂಖ್ಯೆ ಕೊಡಬಲ್ಲವು ಎಂಬುದೂ ನೆನಪಿರಲಿ.

ದಿನಾಂಕಗಳಲ್ಲಿ ಒಂದು ಹಳೆಯ ಬಲೆಯಿದೆ. ರಷ್ಯಾದ ಅಕ್ಟೋಬರ್ ಕ್ರಾಂತಿ ಅಲ್ಲಿನ ಆಗಿನ ಜೂಲಿಯನ್ ಪಂಚಾಂಗದಂತೆ 1917ರ ಅಕ್ಟೋಬರ್ 25, ನಮ್ಮ ಇಂದಿನ ಎಣಿಕೆಯಲ್ಲಿ ನವೆಂಬರ್ 7. 1918ರಲ್ಲಿ ರಷ್ಯಾ ಪಂಚಾಂಗ ಬದಲಿಸಿದಾಗ ಜನವರಿ 31ರ ಮರುದಿನ ಫೆಬ್ರವರಿ 14 ಆಯಿತು. ಎರಡು ಪುಸ್ತಕಗಳಿಂದ ಎರಡು ಪದ್ಧತಿಯ ದಿನಾಂಕಗಳನ್ನು ಎತ್ತಿ ಒಂದೇ ಪ್ಯಾರಾದಲ್ಲಿ ಇಟ್ಟರೆ ಪರಿಣಾಮವು ಕಾರಣಕ್ಕಿಂತ ಮೊದಲೇ ನಡೆದುಬಿಡುತ್ತದೆ. ಯಾವ ಪದ್ಧತಿ ಬಳಸಿದ್ದೀರೆಂದು ಮೊದಲ ಅಡಿಟಿಪ್ಪಣಿಯಲ್ಲೇ ಹೇಳಿಬಿಡಿ.

ತಡವಾದರೆ ದಿನಕ್ಕೆ ಶೇ. 10 ಕಡಿತ ಎಂದಿದ್ದರೆ 70 ಅಂಕದ ಪ್ರಬಂಧ ಮೂರು ದಿನ ತಡವಾಗಿ 40ಕ್ಕೆ ಇಳಿಯಬಹುದು, 49ಕ್ಕೂ ಇಳಿಯಬಹುದು. ಕಡಿತ ಒಟ್ಟು ನೂರು ಅಂಕದ ಮೇಲೋ, ನಿಮಗೆ ಬಂದ ಅಂಕದ ಮೇಲೋ ಎಂಬುದರ ಮೇಲೆ ಅದು ನಿಂತಿದೆ. ಇದನ್ನೂ ಮೊದಲ ವಾರದ ಪ್ರಶ್ನೆಗಳ ಪಟ್ಟಿಗೆ ಸೇರಿಸಿ.

ಹಂತ 7: ಪರೀಕ್ಷೆ

ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನಕ್ಷೆ ಗುರುತಿಸುವ ಪ್ರಶ್ನೆಯಿದ್ದರೆ ವಾರಕ್ಕೊಂದು ಖಾಲಿ ನಕ್ಷೆ ತುಂಬಿ. ‘ವಿವರಿಸಿ’ ಎಂದರೆ ನಡೆದದ್ದನ್ನು ಹೇಳಿ, ‘ವಿಶ್ಲೇಷಿಸಿ’ ಎಂದರೆ ಏಕೆ ನಡೆಯಿತೆಂದು ಹೇಳಿ, ‘ವಿಮರ್ಶಿಸಿ’ ಎಂದರೆ ಹೇಳಿಕೆಯ ಜೊತೆ ಜಗಳವಾಡಿ. ಆಂತರಿಕ ಅಂಕಗಳಲ್ಲಿ ಪ್ರತ್ಯೇಕವಾಗಿ ಉತ್ತೀರ್ಣರಾಗಬೇಕೇ ಎಂದು ನೋಡಿಕೊಳ್ಳಿ. ಅಂತಿಮ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೂ ಇಲ್ಲಿ ಮುಗ್ಗರಿಸಿದವರಿದ್ದಾರೆ.

ಹಂತ 8: ಕೊರತೆಯ ಪಟ್ಟಿಯಲ್ಲಿ ಹೆಸರು ಬಂದೇಬಿಟ್ಟರೆ

ಮೊದಲು ದಿನಾಂಕವಾರು ಹಾಜರಾತಿಯ ಪ್ರತಿಯನ್ನು ಕೇಳಿ ಪಡೆಯಿರಿ. ಒಟ್ಟು ಶೇಕಡಾ ಸಾಲದು, ಯಾವ ಯಾವ ದಿನ ಗೈರು ಎಂಬುದು ಬೇಕು. ಅದನ್ನು ನಿಮ್ಮ ನೋಟ್‌ಬುಕ್‌ನೊಂದಿಗೆ ತಾಳೆ ನೋಡಿ. ತಪ್ಪುಗಳು ಆಗುತ್ತವೆ, ನನ್ನಿಂದಲೇ ಆಗಿದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ತನಗೆ ಮೂರು ದಿನ ತಪ್ಪಾಗಿ ಗೈರು ಬಿದ್ದಿದೆಯೆಂದು ಬಂದಳು. ಎಲ್ಲರೂ ಹೇಳುವ ಮಾತೇ ಎಂದುಕೊಂಡೆ. ಅವಳು ವಾದಿಸಲಿಲ್ಲ, ನೋಟ್‌ಬುಕ್ ತೆರೆದು ಮುಂದಿಟ್ಟಳು. ತಾರೀಖು ಹಾಕಿದ ಪುಟ, ನಾನು ಕಪ್ಪುಹಲಗೆಯ ಮೇಲೆ ತಪ್ಪಾಗಿ ಬರೆದು ಆಮೇಲೆ ತಿದ್ದಿದ ಒಂದು ಇಸವಿ, ಪಕ್ಕದಲ್ಲಿ ‘ಸರ್ ತಿದ್ದಿದರು’ ಎಂಬ ಅವಳ ಟಿಪ್ಪಣಿ. ಆ ಪುಟ ಹಾಜರಿ ಪುಸ್ತಕಕ್ಕಿಂತ ಗಟ್ಟಿಯಾದ ಸಮಕಾಲೀನ ಆಕರ. ನಾನು ಒಂದು ಸಾಲು ಕೆಳಗೆ ಗುರುತು ಹಾಕುತ್ತ ಹೋಗಿದ್ದೆ. ಮೂರೂ ದಿನ ತಿದ್ದಿ ಸಹಿ ಹಾಕಿದೆ.

ತಪ್ಪಿಲ್ಲದಿದ್ದರೆ ಮನ್ನಾ ಅರ್ಜಿ. ಅದಕ್ಕೆ ಕೊನೆಯ ದಿನಾಂಕ, ನಿಗದಿತ ನಮೂನೆ, ಕೆಲವೆಡೆ ಶುಲ್ಕವೂ ಇರುತ್ತದೆ. ವಿಭಾಗ ಮುಖ್ಯಸ್ಥರ ಶಿಫಾರಸಿಲ್ಲದೆ ಮೇಲೆ ಹೋಗದಿರಬಹುದು. ಕಾರಣಕ್ಕೆ ದಾಖಲೆ ಇದ್ದರೆ ಮೂಲಪ್ರತಿಯನ್ನು ನಿಮ್ಮಲ್ಲಿಟ್ಟುಕೊಂಡು ನಕಲನ್ನು ಕೊಟ್ಟು ಸ್ವೀಕೃತಿ ಪಡೆಯಿರಿ.

ಮನ್ನಾದ ಮಿತಿಗೂ ಹೊರಗಿದ್ದರೆ, ಕೋರ್ಸಿನಿಂದ ಹಿಂದೆ ಸರಿಯುವ ಕೊನೆಯ ದಿನ ಇನ್ನೂ ದಾಟಿಲ್ಲವೇ ನೋಡಿ. ಅಂಕಪಟ್ಟಿಯಲ್ಲಿ ‘ಹಿಂತೆಗೆತ’ ಎಂದು ಬೀಳುವುದಕ್ಕೂ ‘ಅನುತ್ತೀರ್ಣ’ ಎಂದು ಬೀಳುವುದಕ್ಕೂ ವ್ಯತ್ಯಾಸವಿದೆ, ಮೊದಲನೆಯದು ಸರಾಸರಿ ಅಂಕವನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ. ವಿದ್ಯಾರ್ಥಿವೇತನ ಅಥವಾ ಹಾಸ್ಟೆಲ್ ಸೌಲಭ್ಯಕ್ಕೆ ಕನಿಷ್ಠ ಕ್ರೆಡಿಟ್‌ಗಳ ಷರತ್ತು ಇದ್ದರೆ ಆ ಕಚೇರಿಗಳಲ್ಲಿ ವಿಚಾರಿಸಿದ ಮೇಲೆಯೇ ಸಹಿ ಹಾಕಿ. ಆ ಕೊನೆಯ ದಿನ ಬಹುತೇಕ ಕಡೆ ಕೊರತೆಯ ಪಟ್ಟಿ ಪ್ರಕಟವಾಗುವುದಕ್ಕಿಂತ ಮೊದಲೇ ಬರುತ್ತದೆ, ಆದ್ದರಿಂದ ಅದನ್ನು ಇವತ್ತೇ ಹುಡುಕಿ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ.